ಡಿಜಿಟಲ್ ಪಾಠ ಯಾರಿಗಾಗಿ?

ಧಾರವಾಡಕ್ಕೆ ವಿದ್ಯೆಯ ಬೀಡು ಎಂಬ ಹೆಸರು ಸುಮ್ಮನೆ ಬಂದುದಲ್ಲ. 1917ರಲ್ಲಿ ಇಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷವೇ ಮುಂಬಯಿಯನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಯೂರಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, 2015ರಲ್ಲಿ ಐ.ಐ.ಐ.ಟಿ., 2016ರಲ್ಲಿ ಐ.ಐ.ಟಿ. ಹೀಗೆ ಒಂದರ ಹಿಂದೆ ಒಂದು ವಿದ್ಯಾಸಂಸ್ಥೆ ಅವಳಿನಗರಕ್ಕೆ ಬಂದಿತು. ಐ.ಐ.ಟಿ.ಯ ಹೊಸ ಆವರಣವನ್ನು 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳೇ ಬಂದು ಉದ್ಘಾಟಿಸಿದರು. ಒಳ್ಳೆಯದು. ವಿದ್ಯೆ ಬೇಡವೆನ್ನುವ ಮೂರ್ಖರು ನಾವಲ್ಲ.

ಆದರೆ ಇಷ್ಟೊಂದು ವಿದ್ಯಾಮಂದಿರಗಳ ನೆರಳಿನಲ್ಲಿ ಬದುಕುತ್ತಿರುವ ಮಿಲ್ಲಿನ ಕೆಲಸಗಾರನೂ ಕಿರಾಣಿ ಅಂಗಡಿಯವನೂ ಇಂದು ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಕೂಲಿ ಬರುವುದು ಫೋನಿನಲ್ಲಿ, ರೇಶನ್ ಸಿಗುವುದು ಹೆಬ್ಬೆರಳಿನ ಗುರುತಿನಿಂದ, ಗಿರಾಕಿ ದುಡ್ಡು ಕೊಡುವುದು ಗಲ್ಲೆಯ ಮೇಲೆ ಅಂಟಿಸಿದ ಚೌಕಳಿ ಚೀಟಿಗೆ. ಹತ್ತು ವರ್ಷಗಳಲ್ಲಿ ನಮ್ಮ ಅನ್ನದ ದಾರಿಯೇ ಈ ಡಿಜಿಟಲ್ ಯಂತ್ರದೊಳಗೆ ಹೊಕ್ಕು ಹೊರಬರುವಂತಾಗಿದೆ. ಈ ಯಂತ್ರ ಸಮಾಜಕ್ಕೆ ಏನು ಮಾಡುತ್ತಿದೆ, ಯಾರಿಗೆ ಲಾಭ, ಯಾರಿಗೆ ಲುಕಸಾನು, ತಪ್ಪಾದರೆ ಯಾರು ಜವಾಬುದಾರರು ಎಂಬ ಪಾಠವನ್ನು ವಿಶ್ವವಿದ್ಯಾಲಯ ಯಾರಿಗೆ, ಯಾವ ಭಾಷೆಯಲ್ಲಿ, ಯಾರಿಂದ ಹೇಳಿಸುತ್ತದೆ?

ಕಲಿಸಿದ್ದೇನು?

ಪಾಠವೇ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ರಾಜ್ಯದ ಪದವಿ ತರಗತಿಗಳಿಗೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪಾಠಕ್ರಮವನ್ನು ತಂದರು. ಕಲೆ, ವಾಣಿಜ್ಯ, ವಿಜ್ಞಾನ ಎನ್ನದೆ ಎಲ್ಲ ವಿದ್ಯಾರ್ಥಿಗಳೂ ಓದಬೇಕಾದ ಪಾಠ ಅದು. ಅದರಲ್ಲಿ ಮೂರು ಘಟಕಗಳಿದ್ದವು. ಮೊದಲನೆಯದು, ಹೊಸ ತಂತ್ರಜ್ಞಾನಗಳು: ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಸೈಬರ್ ಸುರಕ್ಷತೆ ಮುಂತಾದವು. ಎರಡನೆಯದು, ಅವುಗಳ ಉಪಯೋಗಗಳು. ಮೂರನೆಯದು, ತಂತ್ರಜ್ಞಾನದಾಚೆಗಿನ ಅವಶ್ಯ ಕೌಶಲ್ಯಗಳು.

ಈ ಮೂರನೆಯ ಘಟಕದ ಹೆಸರು ಓದಿದಾಗ ಯಾರಿಗಾದರೂ ಆಸೆ ಹುಟ್ಟೀತು. ತಂತ್ರಜ್ಞಾನದಾಚೆಗೆ ಎಂದರೆ ಸಮಾಜವಲ್ಲವೇ? ಕೂಲಿ, ಕಾಯಿದೆ, ಒಡೆತನ, ಸಾಲ, ಸಂಘ ಇವೆಲ್ಲ ತಂತ್ರಜ್ಞಾನದಾಚೆಗೆ ಇರುವ ಸಂಗತಿಗಳಲ್ಲವೇ? ಆದರೆ ಅಲ್ಲಿದ್ದದ್ದು ಬೇರೆ: ಚೆನ್ನಾಗಿ ಮಾತಾಡುವುದು ಹೇಗೆ, ನಾಲ್ಕು ಜನರೊಡನೆ ಕೂಡಿ ಕೆಲಸ ಮಾಡುವುದು ಹೇಗೆ, ಹೊಸ ಉಪಾಯ ಹೊಳೆಯಿಸಿಕೊಳ್ಳುವುದು ಹೇಗೆ. ಒಳ್ಳೆಯ ನೌಕರನಾಗುವ ಗುಣಗಳು ಇವು. ನೌಕರನೂ ನಾಗರಿಕನೂ ಒಬ್ಬನೇ ಮನುಷ್ಯನೆಂಬುದನ್ನು ಪಾಠ ಬರೆದವರು ಮರೆತಂತಿತ್ತು.

ಈ ಪಾಠಕ್ಕೆ ಐ.ಟಿ. ಕಂಪನಿಗಳ ಸಂಘವಾದ ನಾಸ್ಕಾಮ್‌ನ ನೆರವನ್ನೂ ಪಡೆಯಲಾಯಿತು. ಕಂಪನಿಗಳ ಸಂಘಕ್ಕೆ ಪಾಠದ ಪಂಕ್ತಿಯಲ್ಲಿ ಮಣೆ ಹಾಕಬಹುದಾದರೆ, ಕೆಲಸಗಾರರ ಸಂಘಕ್ಕೂ ವರ್ತಕರ ಸಂಘಕ್ಕೂ ಹಾಕಬಾರದೇಕೆ? ಯಂತ್ರ ಮಾರುವವನ ಮಾತು ಬೇಕು, ಯಂತ್ರದ ಕೆಳಗೆ ದುಡಿಯುವವನ ಮಾತು ಬೇಡವೆಂದರೆ ಅದು ವಿದ್ಯೆಯಲ್ಲ, ಜಾಹೀರಾತು.

2024ರಲ್ಲಿ ರಾಜ್ಯ ಸರಕಾರ ಆ ನೀತಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ರಾಜ್ಯಕ್ಕೆ ತನ್ನದೇ ಶಿಕ್ಷಣ ನೀತಿ ಬೇಕೆಂದು ನೇಮಿಸಿದ ಸುಖದೇವ ಥೋರಟ್ ಅವರ ಆಯೋಗ 2025ರ ಆಗಸ್ಟಿನಲ್ಲಿ ವರದಿ ಒಪ್ಪಿಸಿತು. ನೀತಿ ಬದಲಾದಾಗ ಪಾಠ ಬದಲಾಗುತ್ತದೆ. ಪಾಠ ಬದಲಾಗುವ ಕಾಲದಲ್ಲಿ ಬಾಯಿ ಮುಚ್ಚಿ ಕುಳಿತು, ಅಚ್ಚಾದ ಮೇಲೆ ಅಳುವುದರಿಂದ ಪ್ರಯೋಜನವಿಲ್ಲ. ಆದುದರಿಂದಲೇ ನಾವು ಈಗ ಬರೆಯುತ್ತಿದ್ದೇವೆ.

ಹತ್ತಿ ಕಲಿಸಿದ ಪಾಠ

ಹೊಸ ಯಂತ್ರ ಈ ಸೀಮೆಗೆ ಹೊಸತಲ್ಲ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆತಂದಿತು. ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿದರು. ಅರಳೆಯಿಂದ ಕಾಳು ಬಿಡಿಸಲು ಗರಗಸದ ಹಲ್ಲುಗಳ ಜಿನ್ ಯಂತ್ರ ಬಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಗಿ ನಮ್ಮ ಹತ್ತಿಯ ಬೆಲೆ ಆಕಾಶಕ್ಕೇರಿತು. ಯುದ್ಧ ಮುಗಿಯಿತು, ಬೆಲೆ ನೆಲಕ್ಕೆ ಬಿದ್ದಿತು.

ಅಂದು ಒಕ್ಕಲಿಗನಿಗೆ ಬೀಜ ಬಿತ್ತುವುದನ್ನು ಕಲಿಸಿದರು, ಜಿನ್ ತಿರುಗಿಸುವುದನ್ನು ಕಲಿಸಿದರು. ಅವನ ಹತ್ತಿಯ ಬೆಲೆಯನ್ನು ಲಿವರ್‌ಪೂಲಿನ ಪೇಟೆಯಲ್ಲಿ ಯಾರು ಕಟ್ಟುತ್ತಾರೆಂಬುದನ್ನು ಕಲಿಸಲಿಲ್ಲ. ಕಲಿಸಿದ್ದರೆ ಬೆಲೆ ಬೀಳುವುದು ನಿಲ್ಲುತ್ತಿತ್ತೆಂದು ನಾವು ಹೇಳುವುದಿಲ್ಲ. ಆದರೆ ಬೀಳುವ ಮೊದಲೇ ಎಚ್ಚರಿಕೆಯಿಂದ ಇರಬಹುದಾಗಿತ್ತು. ಯಂತ್ರದ ಪಾಠ ಅರ್ಧ ಪಾಠ. ಯಜಮಾನನ ಪಾಠ ಕೂಡಿದರೆ ಮಾತ್ರ ಅದು ಪೂರ್ತಿ.

ಗಲ್ಲೆಯ ಮೇಲಿನ ಚೀಟಿ

ಇದನ್ನು ಇಂದಿನ ಅಂಗಡಿಗೆ ತಂದು ನೋಡೋಣ. 2016ರಲ್ಲಿ ಯು.ಪಿ.ಐ. ಬಂದಿತು. ಅದೇ ವರ್ಷದ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟು ರದ್ದಾದವು. ಚಿಲ್ಲರೆಗೆ ಪರದಾಡಿದ ಅಂಗಡಿಯವನಿಗೆ ಈ ಚೀಟಿ ವರವಾಗಿ ಕಂಡಿತು. 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಇದಕ್ಕೆ ಶುಲ್ಕವೂ ಇಲ್ಲವೆಂದರು. ದುರ್ಗದ ಬೈಲಿನ ತಳ್ಳುಗಾಡಿಯಿಂದ ಹಿಡಿದು ಹಳ್ಳಿಯ ಚಹಾದಂಗಡಿಯವರೆಗೆ ಚೀಟಿ ಅಂಟಿತು.

ಅಂಟಿಸುವುದನ್ನು ಕಲಿಸಲು ಕಂಪನಿಯ ಹುಡುಗರು ಮನೆಮನೆಗೆ ಬಂದರು. ಆ ಚೀಟಿಯೊಳಗೆ ಯಾರ ಯಾರ ಕೈ ಇದೆಯೆಂಬುದನ್ನು ಹೇಳಲು ಯಾರೂ ಬರಲಿಲ್ಲ. ಗಿರಾಕಿಯ ದುಡ್ಡು ಅವನ ಬ್ಯಾಂಕಿನಿಂದ ಅಂಗಡಿಯವನ ಬ್ಯಾಂಕಿಗೆ ಹೋಗುವ ದಾರಿಯನ್ನು ನಡೆಸುವುದು ಎನ್.ಪಿ.ಸಿ.ಐ. ಎಂಬ ಸಂಸ್ಥೆ. ಅದು 2008ರಲ್ಲಿ ಹುಟ್ಟಿದ್ದು, ಬ್ಯಾಂಕುಗಳ ಒಡೆತನದ್ದು. ಆದರೆ ಆ ದಾರಿಯ ಬಾಗಿಲಲ್ಲಿ ನಿಂತವರು ಬೇರೆ. ಫೋನ್‌ಪೇ ಅಮೆರಿಕದ ವಾಲ್‌ಮಾರ್ಟಿನ ಹಿಡಿತದಲ್ಲಿದೆ, ಇನ್ನೊಂದು ಗೂಗಲ್‌ನದು. ಈ ಎರಡರ ಕೈಯಲ್ಲೇ ದೇಶದ ಯು.ಪಿ.ಐ. ವ್ಯವಹಾರದ ಐದರಲ್ಲಿ ನಾಲ್ಕು ಪಾಲು ಸೇರಿತು. ಒಂದು ಕಂಪನಿಗೆ ಶೇಕಡಾ 30ಕ್ಕಿಂತ ಹೆಚ್ಚು ಪಾಲು ಇರಕೂಡದೆಂದು ಎನ್.ಪಿ.ಸಿ.ಐ. 2020ರಲ್ಲಿ ನಿಯಮ ಮಾಡಿತು. ಅದರ ಗಡುವನ್ನು ಮೊದಲು 2024ರ ಕೊನೆಗೆ, ಆಮೇಲೆ 2026ರ ಕೊನೆಗೆ ಮುಂದೂಡಿತು. ಚಿಕ್ಕ ವ್ಯಾಪಾರಿ ತೆರಿಗೆ ಕಟ್ಟುವ ಗಡುವನ್ನು ನಾಲ್ಕು ವರ್ಷ ಮುಂದೂಡಿದವರನ್ನು ಯಾರಾದರೂ ಕಂಡಿದ್ದೀರಾ?

ವ್ಯಾಪಾರಿಯಿಂದ ಶುಲ್ಕ ಇಲ್ಲದಿದ್ದರೆ ಕಂಪನಿಗೆ ಹೊಟ್ಟೆ ತುಂಬುವುದು ಹೇಗೆ? ದುಡ್ಡು ಬಂತೆಂದು ಕೂಗಿ ಹೇಳುವ ಡಬ್ಬಿಯ ಬಾಡಿಗೆಯಿಂದ, ಸಾಲ ಕೊಡಿಸುವ ದಲಾಲಿಯಿಂದ, ವಿಮೆ ಮಾರುವುದರಿಂದ, ಜಾಹೀರಾತಿನಿಂದ. ಯಾರ ಅಂಗಡಿಯಲ್ಲಿ ದಿನಕ್ಕೆಷ್ಟು ವ್ಯಾಪಾರ ಎಂಬ ಲೆಕ್ಕ ಕೈಯಲ್ಲಿದ್ದರೆ ಯಾರಿಗೆ ಸಾಲ ಮಾರಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಹಿಂದೆ ಅಂಗಡಿಯ ಕೀರ್ದಿ ಸಾವಕಾರನ ಗಾದಿಯ ಕೆಳಗೆ ಇರುತ್ತಿತ್ತು. ಈಗ ಅದರ ಇನ್ನೊಂದು ಪ್ರತಿ ಎಲ್ಲೆಲ್ಲಿಯೋ ಇದೆ, ಬರೆದವನಿಗೇ ಅದರ ವಿಳಾಸ ತಿಳಿಯದು.

ಅದು ಹೊರಬಿದ್ದ ದಿನ ಏನಾಯಿತೆಂಬುದನ್ನು 2025ರ ಜುಲೈ ತಿಂಗಳು ತೋರಿಸಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ಲೆಕ್ಕಗಳನ್ನು ತರಿಸಿಕೊಂಡು, ಸರಕು ಮಾರಾಟದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಯಲ್ಲಿ 20 ಲಕ್ಷ ಮೀರಿದವರಿಗೆ ನೋಟೀಸು ಕಳಿಸಿತು. ನೆರೆಯ ಹಾವೇರಿಯಲ್ಲಿ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ಕಟ್ಟೆಂದು ಬಂದಿತು. ಹಸಿ ತರಕಾರಿಗೆ ಜಿ.ಎಸ್.ಟಿ. ಇಲ್ಲವೆಂಬುದು ಸಂತೆಗೆ ಬರುವ ಮಕ್ಕಳಿಗೂ ಗೊತ್ತು. ಆದರೆ ಚೀಟಿಗೆ ಬಂದ ದುಡ್ಡಿನಲ್ಲಿ ಬದನೆಕಾಯಿಯದು ಯಾವುದು, ಬೇರೆಯದು ಯಾವುದು ಎಂದು ಯಂತ್ರ ಹೇಳಲಿಲ್ಲ, ಅಧಿಕಾರಿ ಕೇಳಲಿಲ್ಲ. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಹಲಗೆ ಬಿದ್ದವು. ಜುಲೈ 25ಕ್ಕೆ ಬಂದ್ ಸಾರಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆ ಕೊಟ್ಟ ಮೇಲೆ ಬಂದ್ ನಿಂತಿತು.

ತೆರಿಗೆ ಕಟ್ಟಬಾರದೆಂದು ನಾವು ಹೇಳುತ್ತಿಲ್ಲ. ಕಟ್ಟಬೇಕಾದವನು ಕಟ್ಟಲಿ. ಆದರೆ ಒಂದು ಸಂಗತಿ ವಿಚಾರ ಮಾಡಿರಿ. ಲೆಕ್ಕ ಎಲ್ಲಿ ಕೂಡುತ್ತದೆ, ಯಾರಿಗೆ ಹೋಗುತ್ತದೆ, ಎಷ್ಟು ಮೀರಿದರೆ ನೋಂದಣಿ ಬೇಕು, ಯಾವ ಸರಕಿಗೆ ತೆರಿಗೆ ಇಲ್ಲ ಎಂಬ ನಾಲ್ಕು ಮಾತುಗಳನ್ನು ಚೀಟಿ ಅಂಟಿಸಿದ ದಿನವೇ ಕನ್ನಡದಲ್ಲಿ ತಿಳಿಸಿದ್ದರೆ ಎಷ್ಟು ಮನೆಗಳ ನಿದ್ದೆ ಉಳಿಯುತ್ತಿತ್ತು! ನಾವು ಬೇಡುವ ಪಾಠ ಇದೇ. ಇದು ಆಕಾಶದ ತತ್ತ್ವಶಾಸ್ತ್ರವಲ್ಲ.

ಮುಖವಿಲ್ಲದ ಮುಕದ್ದಮ

ಕೆಲಸಗಾರರ ಕಡೆಗೆ ಬರೋಣ. ಮಿಲ್ಲಿನ ಬಾಗಿಲಲ್ಲಿ ಮುಕದ್ದಮನೊಬ್ಬ ಇರುತ್ತಿದ್ದ. ಅವನು ಕೆಟ್ಟವನಿರಬಹುದು, ಆದರೆ ಅವನಿಗೆ ಮುಖವಿತ್ತು. ಜಗಳವಾಡಬಹುದಾಗಿತ್ತು, ಸಂಘದ ಕಚೇರಿಗೆ ಎಳೆಯಬಹುದಾಗಿತ್ತು. 1948ರ ಕಾರಖಾನೆ ಕಾಯಿದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿ ಪಾಳಿಯ ವೇಳೆಯನ್ನು ಗೋಡೆಯ ಮೇಲೆ ಬರೆಸಿತು. ಆ ಗೋಡೆಯ ಬರಹವನ್ನು ಪಡೆಯಲು ಹಿಂದಿನವರು ಎಷ್ಟು ಹೋರಾಡಿದರೆಂಬುದು ಮಿಲ್ ಕಾರ್ಮಿಕರಿಗೆ ಹೇಳಬೇಕಾಗಿಲ್ಲ.

ಇಂದು ಮಿಲ್ ಕಾರ್ಮಿಕನ ಮಗ ಮೋಟಾರು ಸೈಕಲ್ ಏರಿ ಊಟದ ಪೊಟ್ಟಣ ಹೊತ್ತು ಹುಬ್ಬಳ್ಳಿಯ ಬೀದಿಗಳಲ್ಲಿ ಓಡುತ್ತಿದ್ದಾನೆ. ಅವನ ಮುಕದ್ದಮ ಫೋನಿನೊಳಗೆ ಕುಳಿತಿದ್ದಾನೆ. ಯಾವ ಆರ್ಡರು ಯಾರಿಗೆ, ದರ ಎಷ್ಟು, ಯಾರ ಖಾತೆ ಬಂದ್ ಎಂಬುದನ್ನು ಲೆಕ್ಕದ ಸೂತ್ರವೊಂದು ತೀರ್ಮಾನಿಸುತ್ತದೆ. ಆ ಸೂತ್ರ ಗೋಡೆಯ ಮೇಲೆ ಬರೆದಿಲ್ಲ. ಅವನನ್ನು ಕೆಲಸಗಾರ ಎಂದು ಕರೆಯಲೂ ಕಂಪನಿಗೆ ಮನಸ್ಸಿಲ್ಲ, ‘ಪಾಲುದಾರ’ ಎನ್ನುತ್ತಾರೆ. ಲಾಭದಲ್ಲಿ ಪಾಲಿಲ್ಲದ ಪಾಲುದಾರ!

ಈ ವಿಷಯದಲ್ಲಿ ನಮ್ಮ ರಾಜ್ಯ ಒಂದು ಹೆಜ್ಜೆ ಇಟ್ಟಿತೆಂಬುದನ್ನು ಒಪ್ಪಬೇಕು. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಗಸ್ಟಿನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಕೆಲಸಗಾರನಿಗೆ ಸಲ್ಲುವ ಪ್ರತಿ ಸಂದಾಯದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ಹೇಳಿ 14 ದಿನಗಳ ನೋಟೀಸು ಕೊಡಬೇಕು. ಯಂತ್ರ ತಾನಾಗಿ ಮಾಡುವ ತೀರ್ಮಾನಗಳ ಬಗೆಗೆ ಕೆಲಸಗಾರನಿಗೆ ಮಾಹಿತಿ ತಿಳಿಸಬೇಕು.

ಕಾಯಿದೆ ಬಂದಿತು, ಸರಿ. ಮಾಹಿತಿ ಕೇಳುವ ಹಕ್ಕು ಕೊಟ್ಟು ಏನು ಕೇಳಬೇಕೆಂಬ ತಿಳಿವಳಿಕೆ ಕೊಡದಿದ್ದರೆ, ಬೀಗ ಕೊಟ್ಟು ಕೀಲಿಕೈ ಕೊಡದಂತಾಯಿತು. ಕಂಪನಿಯ ಕಾಗದವನ್ನು ಓದಿ ಇಲ್ಲಿ ಮೋಸವಿದೆಯೆಂದು ಬೆರಳಿಟ್ಟು ತೋರಿಸಬಲ್ಲ ಹತ್ತು ಜನರನ್ನು ಈ ಊರಿನಲ್ಲಿ ಯಾರು ತಯಾರು ಮಾಡಬೇಕು? ಕಂಪನಿ ಮಾಡುವುದಿಲ್ಲ. ಸರಕಾರದ ಕಚೇರಿಗೆ ಪುರುಸೊತ್ತಿಲ್ಲ. ಉಳಿದದ್ದು ವಿಶ್ವವಿದ್ಯಾಲಯ.

ಕಲಿಸುವವನ ಕೂಲಿ

ಪಾಠವನ್ನು ಹೇಳುವವನು ಯಾರು ಎಂಬುದನ್ನೂ ನೋಡಬೇಕು. ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಭಾರವನ್ನು ಹತ್ತು ಸಾವಿರಕ್ಕೂ ಮಿಕ್ಕಿದ ಅತಿಥಿ ಉಪನ್ಯಾಸಕರು ಹೊತ್ತುಕೊಂಡು ಬಂದಿದ್ದಾರೆ. ಸೇವಾಭದ್ರತೆ ಕೊಡಿರೆಂದು ಅವರು 2021ರ ಡಿಸೆಂಬರಿನಲ್ಲಿ ತರಗತಿ ಬಿಟ್ಟು ಹೊರಬಂದರು. 2023ರ ನವೆಂಬರಿನಲ್ಲಿ ಮತ್ತೆ ಬಂದರು. ಅತಿಥಿಯೆಂದು ಕರೆದು ಬಾಗಿಲಲ್ಲೇ ನಿಲ್ಲಿಸುವ ಸತ್ಕಾರ ಇದು. ವರ್ಷವರ್ಷಕ್ಕೂ ಕೆಲಸ ಹೋದೀತೆಂಬ ಭಯದಲ್ಲಿರುವ ಮೇಷ್ಟರು, ಗಳಿಗೆಗಳಿಗೆಗೂ ಖಾತೆ ಬಂದ್ ಆದೀತೆಂಬ ಭಯದಲ್ಲಿರುವ ಆರ್ಡರ್ ಹುಡುಗ, ಇವರಿಬ್ಬರೂ ಅಣ್ಣತಮ್ಮಂದಿರು. ನಾಳೆಯ ಅನ್ನದ ಚಿಂತೆಯಿರುವವನು ಪಠ್ಯದಲ್ಲಿ ಇಲ್ಲದ ಒಂದು ಮಾತನ್ನು ಧೈರ್ಯದಿಂದ ಆಡಿಯಾನೆಂದು ನಂಬುವುದು ಕಷ್ಟ. ಒಳ್ಳೆಯ ಪಾಠ ಬೇಕಾದರೆ ಮೊದಲು ಕಲಿಸುವವನ ಹುದ್ದೆ ಗಟ್ಟಿಯಾಗಬೇಕು.

ಮೂರು ಆಕ್ಷೇಪಣೆಗಳು

ನಮ್ಮ ಮಾತಿಗೆ ಮೂರು ಆಕ್ಷೇಪಣೆಗಳು ಬರುತ್ತವೆ. ಒಂದು, ವಿಶ್ವವಿದ್ಯಾಲಯದಲ್ಲಿ ರಾಜಕೀಯ ಬೇಡವೆನ್ನುವುದು. ಇದಕ್ಕೆ ಕರ್ನಾಟಕದವರೇ ಆದ ಒಬ್ಬ ಹಿರಿಯರು ಉತ್ತರ ಕೊಟ್ಟಿದ್ದಾರೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರ ಹೆಸರಿನ ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. 2018ರ ಸೆಪ್ಟೆಂಬರ್ 26ರಂದು ಆಧಾರನ್ನು ಸರಕಾರದ ಸವಲತ್ತುಗಳಿಗೆ ಉಳಿಸಿ, ಖಾಸಗಿ ಕಂಪನಿಗಳು ಅದನ್ನು ಕೇಳಲು ಎಡೆಕೊಟ್ಟಿದ್ದ ಕಲಮನ್ನು ಹೊಡೆದುಹಾಕಿದರು. ಸುಪ್ರೀಂ ಕೋರ್ಟಿನಲ್ಲಿ ಚರ್ಚೆಯಾಗಬಹುದಾದ ವಿಷಯ ಧಾರವಾಡದ ತರಗತಿಯಲ್ಲಿ ಆಗಬಾರದೇಕೆ?

ಎರಡು, ಹುಡುಗರಿಗೆ ನೌಕರಿ ಬೇಕು, ಪ್ರಶ್ನೆಗಳು ಬೇಡ ಎನ್ನುವುದು. ನೌಕರಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಂಡಿ ಒತ್ತುವುದನ್ನಷ್ಟೇ ಕಲಿತವನ ನೌಕರಿ, ಗುಂಡಿ ಬದಲಾದ ದಿನ ಹೋಗುತ್ತದೆ. ಮಗ್ಗದ ಕೆಲಸ ಬಲ್ಲವನು ಮಾತ್ರವಲ್ಲ, ತನ್ನ ಕೂಲಿಯ ಲೆಕ್ಕ ಬಲ್ಲವನೂ ಆದವನೇ ಕಷ್ಟಕಾಲದಲ್ಲಿ ನಿಂತವನು.

ಮೂರು, ಇಂಥ ವಿಷಯವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವುದು. ಬೆಂಗಳೂರಿನ ಐ.ಐ.ಐ.ಟಿ. ‘ಡಿಜಿಟಲ್ ಸೊಸೈಟಿ’ ಎಂಬ ಎಂ.ಎಸ್ಸಿ. ಪದವಿಯನ್ನೇ ಆರಂಭಿಸಿತು. ಅಂದರೆ ವಿಷಯ ಪಾಠಕ್ಕೆ ಯೋಗ್ಯವೆಂಬುದನ್ನು ದೊಡ್ಡವರೂ ಒಪ್ಪಿದಂತಾಯಿತು. ಆದರೆ ಅದು ಇಂಗ್ಲಿಷಿನಲ್ಲಿ, ರಾಜಧಾನಿಯಲ್ಲಿ, ಪದವಿ ಮುಗಿಸಿದವರಿಗೆ. ಕನ್ನಡದಲ್ಲಿ ಶಬ್ದಗಳಿಲ್ಲವೆನ್ನುವವರು ಒಮ್ಮೆ ಮಿಲ್ಲಿಗೂ ರೈಲ್ವೆ ವರ್ಕ್‌ಶಾಪಿಗೂ ಹೋಗಿ ಬರಲಿ. ಸ್ಪಿಂಡಲ್, ಬಾಬಿನ್, ಬಾಯ್ಲರ್ ಎಂಬ ಶಬ್ದಗಳನ್ನು ಕೆಲಸಗಾರರು ಯಾವ ಪಂಡಿತನನ್ನೂ ಕೇಳದೆ ಕನ್ನಡ ಮಾಡಿಕೊಂಡರು. ಇಂದು ಕಾಯಿಪಲ್ಲೆ ಮಾರುವ ಅವ್ವ ‘ಸ್ಕ್ಯಾನ್ ಮಾಡ್ರಿ’ ಎನ್ನುತ್ತಾಳೆ. ಶಬ್ದದ ಬಡತನ ಜನರಿಗಿಲ್ಲ.

ನಾವು ಕೇಳುವುದೇನು?

ವಿಶ್ವವಿದ್ಯಾಲಯ ಜನರ ಬಳಿಗೆ ಹೋಗುವುದು ಹೊಸ ಮಾತಲ್ಲ, ಅದು ಇದೇ ಧಾರವಾಡದ ಸಂಪ್ರದಾಯ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗ ಒಂದು ಕಾಲದಲ್ಲಿ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಿ, ಆ ಉಪನ್ಯಾಸಗಳನ್ನು ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಹಂಚಿತು. ಕವಿ ಚೆನ್ನವೀರ ಕಣವಿಯವರು 1956ರಿಂದ 1983ರವರೆಗೆ ಅದರ ನಿರ್ದೇಶಕರಾಗಿದ್ದರು. ಅಂದು ಎತ್ತಿನ ಗಾಡಿಯ ದಾರಿಯಲ್ಲಿ ಹೋದ ವಿದ್ಯೆ ಇಂದು ಡಾಂಬರು ರಸ್ತೆಯಲ್ಲಿ ಹೋಗಲಾರದೇ?

ಆದುದರಿಂದ ನಾವು ಕೇಳುವುದಿಷ್ಟು. ಒಂದನೆಯದಾಗಿ, ಡಿಜಿಟಲ್ ತಂತ್ರಜ್ಞಾನ ಮತ್ತು ಸಮಾಜ ಎಂಬ ಒಂದು ಪೂರ್ತಿ ಪತ್ರಿಕೆಯನ್ನು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಇಡಬೇಕು. ಅದರಲ್ಲಿ ಒಡೆತನ, ಕೂಲಿ, ತೆರಿಗೆ, ಕಾಯಿದೆ, ಖಾಸಗಿತನ, ಮೋಸ ಇವು ಮುಖ್ಯ ಅಧ್ಯಾಯಗಳಾಗಬೇಕು. ಎರಡನೆಯದಾಗಿ, ಪಾಠವೂ ಪರೀಕ್ಷೆಯೂ ಕನ್ನಡದಲ್ಲಿರಬೇಕು, ಪಠ್ಯವನ್ನು ಪ್ರಸಾರಾಂಗ ಅಗ್ಗದ ಬೆಲೆಗೆ ಅಚ್ಚು ಹಾಕಬೇಕು. ಮೂರನೆಯದಾಗಿ, ಪಠ್ಯ ರಚಿಸುವ ಮಂಡಳಿಯಲ್ಲಿ ಕಾರ್ಮಿಕ ಸಂಘದವರಿಗೂ ಚಿಕ್ಕ ವರ್ತಕರಿಗೂ ಸ್ಥಾನವಿರಬೇಕು. ವಿದ್ಯಾರ್ಥಿಗಳು ಅಮರಗೋಳದ ಮಾರುಕಟ್ಟೆ ಪ್ರಾಂಗಣಕ್ಕೂ ಮಿಲ್ಲಿನ ಬಾಗಿಲಿಗೂ ರೇಶನ್ ಅಂಗಡಿಯ ಸಾಲಿಗೂ ಹೋಗಿ ನೋಡಿ ಬರೆಯಬೇಕು. ನಾಲ್ಕನೆಯದಾಗಿ, ಇದೇ ಪಾಠವನ್ನು ಹುಬ್ಬಳ್ಳಿಯಲ್ಲಿ ಸಂಜೆಯ ವೇಳೆ, ಪದವಿಯ ಕಟ್ಟಳೆಯಿಲ್ಲದೆ, ಫೀಯಿಲ್ಲದೆ ದುಡಿಯುವವರಿಗೆ ತೆರೆಯಬೇಕು. ಐ.ಐ.ಟಿ., ಐ.ಐ.ಐ.ಟಿ.ಗಳ ಹುಡುಗರೂ ಅದೇ ಬೆಂಚಿನ ಮೇಲೆ ಕುಳಿತುಕೊಳ್ಳಲಿ. ನಾಳೆ ಸೂತ್ರ ಬರೆಯುವವರು ಅವರು. ಆ ಸೂತ್ರ ಯಾರ ಕುತ್ತಿಗೆಗೆ ಬೀಳುತ್ತದೆಂಬುದನ್ನು ಅವರೂ ಮುಖಾಮುಖಿ ನೋಡಲಿ. ಐದನೆಯದಾಗಿ, ಕಲಿಸುವವರು ಕಾಯಂ ಅಧ್ಯಾಪಕರಾಗಿರಬೇಕು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಶಂಕುಸ್ಥಾಪನೆಯೂ ಬೇಡ. ಒಂದು ಕೋಣೆ, ಒಂದು ಹಲಗೆ, ಒಬ್ಬ ನಿರ್ಭಯ ಮೇಷ್ಟರು ಸಾಕು.

ಕೆಲಸಗಾರ ಬಂಧುಗಳೇ, ವ್ಯಾಪಾರಿ ಮಿತ್ರರೇ, ಬೇಡದೆ ಯಾವುದೂ ಬರುವುದಿಲ್ಲವೆಂಬುದು ನಿಮಗೆ ಗೊತ್ತು. ಜುಲೈ ತಿಂಗಳ ನೋಟೀಸುಗಳು ವ್ಯಾಪಾರಿಗಳು ಒಟ್ಟಾದುದರಿಂದ ನಿಂತವು. ಸಂಘದ ಮುಂದಿನ ಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಠರಾವಾಗಿ ಮಾಡಿರಿ. ಠರಾವಿನ ಪ್ರತಿಯನ್ನು ಕುಲಪತಿಗಳಿಗೂ ಉನ್ನತ ಶಿಕ್ಷಣ ಮಂತ್ರಿಗಳಿಗೂ ಕಳಿಸಿರಿ. ಉತ್ತರ ಬರದಿದ್ದರೆ ಪಾವಟೆನಗರದ ಗುಡ್ಡವೇನೂ ದೂರವಿಲ್ಲ, ಒಟ್ಟಾಗಿ ಹೋಗಿ ಕೇಳೋಣ.